ಇಪ್ಪತ್ತೆರಡು ಹೆಜ್ಜೆಯ ಹಾಲ್

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇವರು ಹೇಳುವುದುಂಟು. ಇರಬಹುದು. ಆದರೆ ಒಮಾನಿನಿಂದ ಬಂದ ನಾಲ್ಕನೇ ಕಾಗದ ಓದಿದ ದಿನ ನನಗೆ ಬಂದದ್ದು ಕೋಪವಲ್ಲ, ನಾಚಿಕೆ. ನಾಚಿಕೆಯನ್ನು ತೋರಿಸಿ ಅಭ್ಯಾಸವಿಲ್ಲದ್ದರಿಂದ ಕೋಪ ಮಾಡಿಕೊಂಡೆ, ಅಷ್ಟೇ.

"ಅಮ್ಮ, ಇಲ್ಲಿ ಅಡುಗೆಮನೆಯ ಬಾಗಿಲಿನಿಂದ ಹಾಲ್‌ನ ಆಚೆ ಗೋಡೆಗೆ ಇಪ್ಪತ್ತೆರಡು ಹೆಜ್ಜೆ ಉಂಟು. ನಮ್ಮ ಡೊಂಬಿವ್ಲಿಯ ಮನೆಯನ್ನು ಹಾಗೇ ಎತ್ತಿ ತಂದು ಇದರೊಳಗೆ ಇಟ್ಟರೆ ಸುತ್ತ ತಿರುಗಲಿಕ್ಕೂ ಜಾಗ ಉಳಿಯಬಹುದು," ಎಂದು ಬರೆದಿದ್ದಳು ನನ್ನ ಮಗಳು ಪ್ರಣೀತಾ.

ಅವಳ ಗಂಡ ಜಯೇಶ್ ಅಲ್ಲಿ ಎಣ್ಣೆ ತೆಗೆಯುವ ಕಂಪನಿಯೊಂದರ ಮೆಸ್ಸಿನಲ್ಲಿ ಸೂಪರ್‌ವೈಸರ್. ಮಸ್ಕತ್‌ನಿಂದ ಗಾಡಿಯಲ್ಲಿ ಮರಳುಗಾಡಿನ ಒಳಗೆ ಮೂರು ಗಂಟೆ ಹೋಗಬೇಕಂತೆ. ಹಿಂದೆ ಯಾರೋ ಬಿಳಿ ಇಂಜಿನಿಯರ್ ಇದ್ದ ಬಂಗಲೆ ಖಾಲಿ ಬಿದ್ದಿತ್ತು, ಅದನ್ನೇ ಮಗಳು ಅಳಿಯನಿಗೆ ಕೊಟ್ಟರು. ಅದೃಷ್ಟ ಎಂದರೆ ಇದು ಎಂದು ನಾನು ಬಿಲ್ಡಿಂಗಿಗೆಲ್ಲ ಹೇಳಿ ಬಂದಿದ್ದೆ. ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಹದಿನೆಂಟು ವರ್ಷದಿಂದ ಅದರಲ್ಲೇ ಇದ್ದೇವೆ. ಕಡಿಮೆಯಾಯಿತು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಆ ಕಾಗದ ಓದಿದ ಮೇಲೆ ಜೀವನದಲ್ಲಿ ಮೊದಲ ಸಲ ನನ್ನ ಮನೆಯನ್ನು ಹೆಜ್ಜೆ ಹಾಕಿ ಅಳೆದೆ. ಅಡುಗೆಮನೆಯಿಂದ ಗ್ಯಾಲರಿಯ ಬಾಗಿಲಿಗೆ ಎಂಟೇ ಹೆಜ್ಜೆ.

ಕಾಗದ ಓದುವುದು ನಮ್ಮಲ್ಲಿ ಗ್ಯಾಲರಿಯಲ್ಲಿ, ಎಂದರೆ ಹೊರಗಿನ ಬಾಲ್ಕನಿಯಲ್ಲಿ. ನಮ್ಮದು ಮೊದಲ ಮಾಳಿಗೆ, ಕೆಳಗೆ ಸಾಲುಮನೆಗಳ ಚಾಳು. ನಾನು ಅದರ ಕಬ್ಬಿಣದ ಕಟಕಟೆಗೆ ಒರಗಿ ದೊಡ್ಡದಾಗಿ ಓದುತ್ತಿದ್ದೆ. ಕೆಳಗಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತ ಗುರಮ್ಮ ಕೇಳುತ್ತಿದ್ದಳು. ವಿಜಯಪುರದ ಕಡೆಯವಳು, ಗಂಡ ಮಾಪಣ್ಣ ಗೋಡೆ ಕಟ್ಟುವ ಗೌಂಡಿ. ಪ್ರಣೀತಾ ಕನ್ನಡ ಶಾಲೆಗೆ ಹೋಗುವಾಗ ಗ್ಯಾಲರಿಯಲ್ಲಿ ಮಣೆ ಹಾಕಿ ಕೂತು, ಕಟಕಟೆಯ ಸರಳುಗಳ ನಡುವೆ ಕಾಲು ಇಳಿಬಿಟ್ಟು, ಕೆಳಗಿರುವ ಗುರಮ್ಮನೊಂದಿಗೆ ಮಾತಾಡುತ್ತಲೇ ಪಾಠ ಓದಿದವಳು. ಹಾಗಾಗಿ ಅವಳ ಕಾಗದದ ಮೇಲೆ ಗುರಮ್ಮನಿಗೂ ಹಕ್ಕಿತ್ತು.

ಇಪ್ಪತ್ತೆರಡು ಹೆಜ್ಜೆಯ ಮಾತು ಕೇಳಿ ಗುರಮ್ಮ ನಕ್ಕಳು. "ಅಪ್ಪಿಯಕ್ಕಾ, ಅಂಥಾ ಮನ್ಯಾಗ ಇದ್ದಾಕಿ ಬಾಣಂತನಕ್ಕ ಇಲ್ಲಿ ಬಂದ್ರ ಕಾಲ ಎಲ್ಲಿ ಚಾಚ್ತಾಳ್ರಿ?"

ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಚುಚ್ಚಿತು. ಪ್ರಣೀತಾಳಿಗೆ ಆಗ ನಾಲ್ಕು ತಿಂಗಳು. ಹೆರಿಗೆ ಅಲ್ಲಿಯೇ ಆಗಲಿ ಎಂದು ಜಯೇಶ್ ಅದೇ ವಾರ ಎದುರು ಮನೆಯ ಟೀಚರ್ ಫೋನಿಗೆ ಕರೆ ಮಾಡಿ ಹೇಳಿದ್ದ.

"ಇಲ್ಲಿ ಕಂಪನಿ ಆಸ್ಪತ್ರೆ ಉಂಟು ಅತ್ತೆ. ಅಲ್ಲಿ ನೀರು ಒಂದು ಗಂಟೆ ಬರುವುದು, ಕರೆಂಟ್ ಯಾವಾಗ ಹೋಗ್ತದೆ ಗೊತ್ತಿಲ್ಲ. ಜಾಗವೂ ಸಾಲುವುದಿಲ್ಲ, ನೀವು ಬೇಜಾರು ಮಾಡ್ಕೊಳ್ಬೇಡಿ."

"ಮೊದಲ ಹೆರಿಗೆ ತಾಯಿ ಮನೆಯಲ್ಲೇ," ಎಂದೆ. "ಜಾಗದ ವಿಷಯ ನನಗೆ ಬಿಡಿ."

ಬಿಟ್ಟದ್ದೇ ತಪ್ಪಾಯಿತು. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಗ್ಯಾಲರಿಯನ್ನು ಒಳಗೆ ತೆಗೆದುಕೊಳ್ಳುತ್ತಿದ್ದರು. ನಡುವಿನ ಗೋಡೆ ಒಡೆದು, ಕಟಕಟೆಯ ಜಾಗದಲ್ಲಿ ಇಟ್ಟಿಗೆ ಕಟ್ಟಿ, ಹಾಲ್‌ಗೆ ಸೇರಿಸಿಬಿಡುವುದು. ನಾವೂ ಮಾಡುವ ಎಂದೆ. ಇವರು, ಎಂದರೆ ಲೀಲಾಧರ, ಠಾಣೆ ಊರಿನ ಮಾಜಿವಾಡಾದಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತುಕೊಳ್ಳುವವರು. ಮೂವತ್ತು ವರ್ಷ ಗಿರಾಕಿಗಳ ಮುಖ ನೋಡಿ ನೋಡಿ ಮಾತು ಕಡಿಮೆಯಾಗಿದೆ.

"ಅವಳು ಜಾಗ ಕೇಳಿದ್ಳಾ?" ಎಂದರು.

"ಕೇಳಬೇಕಾ? ಹೆಜ್ಜೆ ಲೆಕ್ಕ ಬರೆದು ಕಳಿಸಿದ್ದು ಮತ್ತೆ ಎಂತಕ್ಕೆ?"

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ."

"ಕಾಲು ಚಾಚುವವಳು ಮಗಳು. ಹಾಸಿಗೆ ದೊಡ್ಡದು ಮಾಡಬೇಕಾದವರು ನಾವು," ಎಂದೆ. ಅವರು ಬೆಳಗಿನ ಲೋಕಲ್ ರೈಲಿಗೆ ತಡವಾಯಿತೆಂದು ಚಪ್ಪಲಿ ಮೆಟ್ಟಿದರು. ಒಪ್ಪಿದರೆಂದೇ ನಾನು ತಿಳಿದೆ.

ಕೆಲಸಕ್ಕೆ ಮಾಪಣ್ಣನನ್ನೇ ಕರೆದೆ. ಗೋಡೆ ಎದೆಮಟ್ಟ ಬಂದಾಗ ಕಿಟಕಿಯ ಮಾತು ಬಂತು. ತೆರೆಯುವ ಕಿಟಕಿ ಬೇಡ, ಆಚೆ ಕಾಣದ ಮಂಜು ಗಾಜು ಕೂರಿಸಿ ಗಟ್ಟಿಯಾಗಿ ಮುಚ್ಚಿಬಿಡು ಎಂದೆ.

"ಗಾಳಿ ಬ್ಯಾಡೇನ್ರಿ?" ಎಂದ.

"ಬಾಣಂತಿಗೆ ಗಾಳಿ ತಾಗಬಾರದು. ಧೂಳು, ಗಲಾಟೆ ಒಂದೂ ಒಳಗೆ ಬರಬಾರದು. ಅವಳು ಈಗ ಎಂಥ ಮನೆಯಲ್ಲಿ ಇದ್ದಾಳೆ ಗೊತ್ತುಂಟಾ?"

ಮಾಪಣ್ಣ ಗಾಜಿನ ಅಳತೆ ತೆಗೆದುಕೊಂಡ. ಎಂಟು ದಿನದಲ್ಲಿ ಮುಗಿಸಿದ. ಕಟಕಟೆ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಗಾಡಿಗೆ ಹೋಯಿತು, ಮಣೆ ಅಟ್ಟಕ್ಕೆ ಏರಿತು. ಮನೆ ಕಟ್ಟಿ ನೋಡು ಅಂತಾರಲ್ಲ, ನಾನು ಗೋಡೆ ಕಟ್ಟಿಸಿಯೇ ಹೈರಾಣಾಗಿದ್ದೆ. ಆದರೂ ಹೊಸ ಬಣ್ಣದ ವಾಸನೆಯಲ್ಲಿ ನಿಂತು ಹೆಜ್ಜೆ ಹಾಕಿದಾಗ ಹನ್ನೊಂದು ಬಂತು. ಆ ದಿನ ನನಗಾದ ಸಂತೋಷವನ್ನು ಈಗ ನೆನೆಸಿದರೆ ನನಗೇ ಬೈದುಕೊಳ್ಳುವ ಹಾಗಾಗುತ್ತದೆ.

ತೊಂಬತ್ತೇಳರ ಫೆಬ್ರವರಿಯಲ್ಲಿ, ಏಳು ತಿಂಗಳು ತುಂಬುವ ಮೊದಲು, ಪ್ರಣೀತಾ ಬಂದಳು. ಏರ್‌ಪೋರ್ಟಿನಿಂದ ಟ್ಯಾಕ್ಸಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಚಾಳಿನದ್ದೇ ವಿಚಾರಣೆ. ಗುರಮ್ಮ ಹೇಗಿದ್ದಾಳೆ, ಸಂಜೆ ನಲ್ಲಿಯ ಹತ್ತಿರ ಜಗಳ ಈಗಲೂ ಉಂಟಾ, ಬ್ರೆಡ್ ಮಾರುವ ಪಾವ್‌ವಾಲಾನ ಸೈಕಲ್ಲಿನ ಗಂಟೆ ಅದೇ ಉಂಟಾ. ದೊಡ್ಡ ಬಂಗಲೆಯಲ್ಲಿ ಇದ್ದು ಬಂದವಳ ಬಾಯಲ್ಲಿ ಎಂಥ ಮಾತು ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು. ಮುಖ ಬೇರೆ ಇಳಿದುಹೋಗಿತ್ತು. ಬಸುರಿ, ಪ್ರಯಾಣ, ಅದಕ್ಕೇ ಇರಬೇಕು ಎಂದುಕೊಂಡೆ.

ಮನೆಗೆ ಬಂದವಳು ಕೊಟ್ಟ ನೀರನ್ನೂ ಕುಡಿಯದೆ ನೆಟ್ಟಗೆ ಗ್ಯಾಲರಿಯ ಕಡೆಗೆ ನಡೆದಳು. ಅಲ್ಲಿ ಬಾಗಿಲಿರಲಿಲ್ಲ. ಮುಂದೆ ಹೋಗಿ ಗೋಡೆಗೆ ಅಂಗೈ ಇಟ್ಟು ನಿಂತಳು.

"ಗ್ಯಾಲರಿ ಎಲ್ಲಿ ಅಮ್ಮ?"

"ಅದರ ಮೇಲೆಯೇ ನೀನು ನಿಂತದ್ದು," ಎಂದೆ ಹೆಮ್ಮೆಯಿಂದ. "ಎಂಟು ಇದ್ದದ್ದು ಈಗ ಹನ್ನೊಂದು ಹೆಜ್ಜೆ. ಬೇಕಾದ್ರೆ ಅಳೆದು ನೋಡು."

ಅವಳು ನಿಜವಾಗಿಯೂ ಅಳೆದಳು. ಅಡುಗೆಮನೆಯ ಬಾಗಿಲಿಗೆ ಹೋಗಿ ತಿರುಗಿ ಬಂದಳು. "ಹೌದು, ಹನ್ನೊಂದು," ಎಂದು ಹೇಳಿ, ನಾನು ಹಾಸಿಟ್ಟ ಹೊಸ ಹಾಸಿಗೆಯ ಅಂಚಿನಲ್ಲಿ ಕೂತಳು. ಇವರು ನನ್ನ ಮುಖ ನೋಡಿದರು. ನಾನು ನೋಡದ ಹಾಗೆ ಮಾಡಿದೆ.

ಈ ಸ್ಥಿತಿಯಲ್ಲಿ ಮೆಟ್ಟಿಲು ಇಳಿಯಬಾರದೆಂದು ನಾನು ಅವಳನ್ನು ಕೆಳಗೆ ಬಿಡಲಿಲ್ಲ. ಆಮೇಲೆ ಅವಳದ್ದು ಒಂದೇ ಕೆಲಸ. ನಡೆಯುವುದು. ಮಧ್ಯಾಹ್ನ ಇವರು ಹೋಟೆಲಿನಲ್ಲಿ, ನಾನು ಅಡುಗೆಮನೆಯಲ್ಲಿ. ಇವಳು ಆ ಗೋಡೆಯಿಂದ ಈ ಬಾಗಿಲಿಗೆ, ಈ ಬಾಗಿಲಿನಿಂದ ಆ ಗೋಡೆಗೆ. ಮೆಂತೆ ಗಂಜಿ ಮಾಡಿದರೆ ಎರಡು ಚಮಚ. ನೀರುದೋಸೆ ಮಾಡಿದರೆ ಒಂದು. "ಅಲ್ಲಿಯ ಊಟ ರುಚಿಯಾಗಿ ಇಲ್ಲಿಯದ್ದು ಸೇರುವುದಿಲ್ಲವಾ?" ಎಂದು ಬೈದೆ. ತಟ್ಟೆ ಸರಿಸಿ ಮತ್ತೆ ನಡೆಯಲು ಎದ್ದಳು. ಮೊದಲಾದರೆ ನನ್ನ ಒಂದು ಮಾತಿಗೆ ಎರಡು ಹೇಳುವವಳು.

ಐದನೇ ದಿನ ಮಾರ್ಕೆಟ್ಟಿನಿಂದ ಬಸಳೆ ತಂದು ಒಳಗೆ ಬಂದಾಗ ಅವಳು ಹೊಸ ಗೋಡೆಗೆ ಕಿವಿ ಹಚ್ಚಿ ಕೂತಿದ್ದಳು. ಹೊಟ್ಟೆಯ ಮೇಲೆ ಒಂದು ಕೈ. ಕಣ್ಣು ಮುಚ್ಚಿತ್ತು.

"ಎಂತ ಮಾಡ್ತಾ ಇದ್ದಿ?"

"ಏನಾದ್ರೂ ಕೇಳ್ತದಾ ಅಂತ."

ಚೀಲ ಕೆಳಗಿಟ್ಟೆ. ಅವಳ ಪಕ್ಕ ಕೂತೆ. ಅವಳು ನಿಧಾನವಾಗಿ ಶುರು ಮಾಡಿದಳು.

"ಜಯೇಶ್ ಹದಿನೈದು ದಿನ ಕ್ಯಾಂಪಿನಲ್ಲಿ, ಐದು ದಿನ ಮನೆಯಲ್ಲಿ. ಕಿಟಕಿ ತೆರೆದ್ರೆ ಮರಳು ಬರ್ತದೆ, ಎಸಿ ಹಾಕಿ ಮುಚ್ಚಿಯೇ ಇರಬೇಕು. ಪಕ್ಕದ ಮನೆ ಕಾಣ್ತದೆ ಅಮ್ಮ, ಕೂಗಿದ್ರೆ ಕೇಳುವುದಿಲ್ಲ. ಒಂದು ದಿನ ಹೊರಗೆ ನಿಂತು ಕೂಗಿಯೂ ನೋಡಿದೆ. ಅವರ ಹೆಸರು ಗೊತ್ತಿಲ್ಲ. ಸುಮ್ಮನೆ ಓಯ್ ಅಂತ."

"ಕಾಗದದಲ್ಲಿ ಬರೆಯಬಹುದಿತ್ತಲ್ಲ ಮಗಾ."

"ನೀನು ಗ್ಯಾಲರಿಯಲ್ಲಿ ನಿಂತು ಓದ್ತಿ. ಚಾಳಿಗೆಲ್ಲ ಕೇಳ್ತದೆ. ಮದುವೆಯಾಗಿ ವರ್ಷ ಆಗಲಿಲ್ಲ, ಆಗಲೇ ಅಳ್ತಾಳೆ ಅಂತ ಹೇಳುವುದಿಲ್ವಾ? ಜಯೇಶ್‌ನನ್ನು ಬೈಯುವುದಿಲ್ವಾ? ಅದಕ್ಕೆ ಹೆಜ್ಜೆ ಬರೆದೆ. ಎಷ್ಟು ಸಲ ನಡೆದ್ರೆ ಒಬ್ಬಳಿಗೆ ಅವಳ ಮನೆಯ ಹೆಜ್ಜೆ ಬಾಯಿಪಾಠ ಆಗ್ತದೆ ಅಂತ ನಿನಗೆ ಗೊತ್ತಾಗಬಹುದು ಅಂದ್ಕೊಂಡೆ."

ನನಗೆ ಗೊತ್ತಾಗಿರಲಿಲ್ಲ. ಹದಿನೆಂಟು ವರ್ಷ ಹೆಜ್ಜೆ ಎಣಿಸುವ ಅಗತ್ಯವೇ ಬೀಳದೆ ಬದುಕಿದವಳು ನಾನು, ಆದರೂ ಗೊತ್ತಾಗಲಿಲ್ಲ.

ಅವಳು ಮಲಗಿದ ಮೇಲೆ ಬಿಸ್ಕತ್ತಿನ ಡಬ್ಬಿಯಿಂದ ಕಾಗದಗಳನ್ನು ತೆಗೆದೆ. ಈ ಸಲ ಮನಸ್ಸಿನಲ್ಲೇ ಓದಿದೆ. "ಮೂರು ಬೆಡ್‌ರೂಮು ಉಂಟು, ಮೂರರಲ್ಲೂ ದೀಪ ಹಾಕಿಯೇ ಮಲಗುತ್ತೇನೆ." ಇದನ್ನು ಓದಿ ನಾನು ಕೆಳಗೆ ಕೂಗಿ ಹೇಳಿದ್ದೆ, ನೋಡಿ, ಅಲ್ಲಿ ಕರೆಂಟಿಗೆ ಬಿಲ್ಲೇ ಇಲ್ಲ ಎಂದು. "ಪಕ್ಕದ ಒಂದು ಮನೆ ಬಿಟ್ಟರೆ ಸುತ್ತ ಕಣ್ಣಿಗೆ ಕಾಣುವಷ್ಟು ದೂರವೂ ಖಾಲಿ ಜಾಗ." ಪುಣ್ಯವಂತೆ, ನಮ್ಮ ಹಾಗೆ ನೂಕುನುಗ್ಗಲು ಇಲ್ಲ ಎಂದಿದ್ದೆ. "ಹಾಲ್‌ನಲ್ಲಿ ಮಾತಾಡಿದರೆ ಮಾತು ತಿರುಗಿ ಬರುತ್ತದೆ." ಅರಮನೆಯ ಹಾಗೆ ಎಂದಿದ್ದೆ. ನಾಲ್ಕಕ್ಕೆ ನಾಲ್ಕು ಕಾಗದದಲ್ಲೂ ನನ್ನ ಮಗಳು ನನ್ನನ್ನು ಕರೆದಿದ್ದಳು. ನಾನು ಅದನ್ನು ಊರಿಗೆಲ್ಲ ಕೇಳುವಂತೆ ಓದಿ, ಉತ್ತರದಲ್ಲಿ, ದೃಷ್ಟಿ ತಾಗದಂತೆ ಜಾಗ್ರತೆ ಎಂದು ಬರೆದಿದ್ದೆ.

ಸೀರೆ ಸೆರಗು ಸರಿಮಾಡಿಕೊಂಡು ಕೆಳಗಿಳಿದೆ. ಗುರಮ್ಮ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿಯೂ ತಲೆ ಎತ್ತಲಿಲ್ಲ.

"ಎಂತ ಗುರಮ್ಮ, ಪ್ರಣೀತಾ ಬಂದು ಐದು ದಿನ ಆಯ್ತು. ಮಾತಾಡಿಸ್ಲಿಕ್ಕೆ ಬರಲಿಲ್ಲ?"

"ಎಷ್ಟ್ ಸಲ ಕೂಗೀನ್ರಿ ಅಪ್ಪಿಯಕ್ಕಾ," ಎಂದಳು. "ಟ್ಯಾಕ್ಸಿ ಬಂದ ದಿನಾನೂ ಕೂಗಿದೆ, ಮರುದಿನಾನೂ ಕೂಗಿದೆ. ಒಬ್ಬರೂ ಓ ಅನ್ನಲಿಲ್ಲ. ಮನಿ ದೊಡ್ಡದಾತು, ಇನ್ನ ನಮ್ಮ ಮಾತು ಬ್ಯಾಡಾತು ಅನಕೊಂಡೆ."

ಅವಳ ಹೊಸ್ತಿಲಲ್ಲೇ ಕೂತೆ. ಒಳಗೆ ಮಗಳು ಗೋಡೆಗೆ ಕಿವಿ ಹಚ್ಚಿದ್ದಾಳೆ, ಹೊರಗೆ ಇವಳು ಗಂಟಲು ಹರಿಯುವಂತೆ ಕೂಗಿದ್ದಾಳೆ, ನಡುವೆ ನಾನು ದುಡ್ಡು ಕೊಟ್ಟು ಕಟ್ಟಿಸಿದ ಗೋಡೆ. ಗುರಮ್ಮನಿಗೆ ಎಲ್ಲ ಹೇಳಿದೆ. ಹೇಳುತ್ತಾ ಅತ್ತೆ. ಅವಳು ಮೊರ ಪಕ್ಕಕ್ಕಿಟ್ಟಳು.

ಸಂಜೆ ಮಾಪಣ್ಣ ಕೆಲಸದಿಂದ ನೇರ ನಮ್ಮಲ್ಲಿಗೆ ಬಂದ. ಗೋಡೆಗೆ ಬೆರಳಿನಿಂದ ತಟ್ಟಿ ನೋಡಿದ.

"ಒಡೀತೀನ್ರಿ. ಆದ್ರ ಈಗ ಬ್ಯಾಡ. ಬಸುರಿ ಇರೋ ಮನ್ಯಾಗ ಒಡಿಯೂದು, ಕಟ್ಟೂದು ಮಾಡಬಾರದು, ಧೂಳೂ ಆಗ್ತದ. ಕಟಕಟಿ ಅಂತೂ ಹೋತು."

"ಗಾಜು ಮಾತ್ರ ತೆಗಿ, ಸಾಕು," ಎಂದೆ.

ಎರಡು ಗಾಜು ತೆಗೆದಿಟ್ಟು ಹೋದ. ಮೊದಲು ಬಂದದ್ದು ಧೂಳು. ಆಮೇಲೆ ನಲ್ಲಿಯ ಹತ್ತಿರದ ಜಗಳ, ಮರಾಠಿಯಲ್ಲಿ ಒಬ್ಬಳು, ಕನ್ನಡದಲ್ಲಿ ಒಬ್ಬಳು. ದೂರದಲ್ಲಿ ಕಲ್ಯಾಣದ ಕಡೆಗೆ ಹೋಗುವ ಲೋಕಲ್. ನಾನು ಅಟ್ಟದಿಂದ ಇಳಿಸಿಕೊಟ್ಟ ಮಣೆಯ ಮೇಲೆ ಪ್ರಣೀತಾ ಕೂತಿದ್ದಳು. ಗೋಡೆ ಎದೆಯೆತ್ತರ ಇದ್ದದ್ದರಿಂದ ಕೂತರೆ ಕೆಳಗಿನದು ಏನೂ ಕಾಣುತ್ತಿರಲಿಲ್ಲ. ಕಾಲು ಇಳಿಬಿಡಲು ಸರಳುಗಳೂ ಇರಲಿಲ್ಲ.

"ಪ್ರಣೀತಾ, ಉಂಡ್ಯೇನವಾ?" ಎಂದು ಗುರಮ್ಮನ ದನಿ ಬಂತು.

ಪ್ರಣೀತಾ ಕಿಟಕಿಯ ಕಡೆಗೆ ತಲೆ ಎತ್ತಿದಳು. ಗುರಮ್ಮ ಮತ್ತೊಮ್ಮೆ ಕೂಗಿದಳು. ಆಗ ಇವಳು ಎದ್ದು ನಿಂತು, "ಇನ್ನೂ ಇಲ್ಲ, ಬಸಳೆ ಬೇಯ್ತಾ ಉಂಟು," ಎಂದಳು. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು. ಊಟವಾದ ಮೇಲೆ ನನ್ನ ಕಡೆ ನೋಡದೆ ಕೇಳಿದಳು, "ಮಗುವಿಗೆ ಮೂರು ತಿಂಗಳಾದ ಮೇಲೆ ಹೋಗ್ಲೇಬೇಕಾ ಅಮ್ಮ?"

ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗದೆ ಎಲ್ಲಿಗೆ ಹೋಗುವುದು ಎಂಬ ಮಾತು ನನ್ನ ನಾಲಗೆಯ ಮೇಲೇ ಇತ್ತು. ನನ್ನ ತಾಯಿ ನನಗೆ ಹೇಳಿದ್ದು ಅದನ್ನೇ. ನುಂಗಿಕೊಂಡೆ. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಭಾನುವಾರ ಬೆಳಿಗ್ಗೆ ಟೀಚರ್ ಬಾಗಿಲು ಬಡಿದರು. ಜಯೇಶ್ ಫೋನು. ನಾನೇ ಮೊದಲು ತೆಗೆದುಕೊಂಡೆ. ಪ್ರಣೀತಾ ಟೀಚರ್ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ, ಒಳ್ಳೆ ಸುದ್ದಿ," ಎಂದ. "ಮಗು ಬರ್ತದಲ್ಲ, ಕಂಪನಿಯವರು ಬೇರೆ ಬಂಗಲೆ ಕೊಡ್ತಾರಂತೆ. ಈಗಿನದಕ್ಕಿಂತ ದೊಡ್ಡದು. ಸುತ್ತ ಕಾಂಪೌಂಡೇ ಒಂದು ಎಕರೆ ಇರಬಹುದು."

"ಸಣ್ಣದು ಇಲ್ವಾ?" ಎಂದೆ.

"ಎಂತ ಅತ್ತೆ?"

"ಸಣ್ಣ ಮನೆ. ಪಕ್ಕದ ಮನೆಯ ಗೋಡೆಗೆ ಗೋಡೆ ತಾಗಿಕೊಂಡದ್ದು. ಈಚೆ ಒಗ್ಗರಣೆ ಹಾಕಿದ್ರೆ ಆಚೆ ಮನೆಯವರಿಗೆ ಸೀನು ಬರಬೇಕು, ಅಷ್ಟು ಹತ್ತಿರದ್ದು."

ಅವನು ನಕ್ಕ. "ಅತ್ತೆಗೆ ತಮಾಷೆ."

"ತಮಾಷೆ ಅಲ್ಲ. ಮಸ್ಕತ್‌ನಲ್ಲಿ ಆದ್ರೂ ಸರಿ, ಒಂದೇ ರೂಮು ಆದ್ರೂ ಸರಿ. ಅಂಥದ್ದು ಸಿಕ್ಕಿದ ಮೇಲೆ ಟಿಕೆಟ್ ಮಾಡಿ. ಅಲ್ಲಿಯ ತನಕ ಅವಳೂ ಮಗುವೂ ಇಲ್ಲೇ ಇರ್ತಾರೆ."

ನಗು ನಿಂತಿತು. ಅವನು ಸಿಟ್ಟಾಗುತ್ತಾನೆ, ಅತ್ತೆ ಮನೆ ಮುರಿಯುತ್ತಾಳೆ ಅನ್ನುತ್ತಾನೆ ಎಂದು ನಾನು ಉತ್ತರ ಹುಡುಕುತ್ತ ನಿಂತೆ. ಲೈನ್ ಹೋಯಿತೋ ಎಂದು ಒಮ್ಮೆ "ಹಲೋ" ಎಂದೆ. ನನ್ನ "ಹಲೋ" ಅಲ್ಲಿಯ ಖಾಲಿ ಹಾಲ್‌ನಲ್ಲಿ ಸುತ್ತಿ ತಿರುಗಿ ನನ್ನ ಕಿವಿಗೇ ಬಂದಂತಾಯಿತು.

"ಅವಳು ಹೋದ ಮೇಲೆ," ಎಂದ ಜಯೇಶ್, ತೀರ ಸಣ್ಣ ದನಿಯಲ್ಲಿ, "ನಾನೂ ದೀಪ ಹಾಕಿಯೇ ಮಲಗ್ತೇನೆ ಅತ್ತೆ."

ನಾನು ಫೋನನ್ನು ಪ್ರಣೀತಾಳ ಕೈಗೆ ಕೊಟ್ಟೆ.