ಒರೆಸಿದ ನೀಲಿ

ಒಂದು ಗಿಡಕ್ಕಾಗಿ ನನ್ನ ತಂಗಿ ಲವೋನ್ ಹನ್ನೊಂದು ವರ್ಷ ಮಣ್ಣಿನಲ್ಲಿ ಮಣ್ಣಾಗಿ ದುಡಿದಳು. ನೆರಳಲ್ಲಿ ಬೆಳೆಯುವ ಅಗಲ ಎಲೆಯ ಹೋಸ್ಟಾ ಗಿಡದ ಬೀಜ ಬಿತ್ತುವುದು, ಹಸಿರಾಗಿ ಬಂದದ್ದನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಎಸೆಯುವುದು. ಕಡೆಗೆ ಮೇಪಲ್ ಮರದ ನೆರಳಿನಲ್ಲಿ ಒಂದೇ ಒಂದು ಸಸಿ ಅವಳು ಬಯಸಿದಂಥ ನೀಲಿಯಾಗಿ ಬಂತು. ಅದು ಮೈದುಂಬುವ ಹೊತ್ತಿಗೆ ಇವಳು ಹಾಸಿಗೆ ಹಿಡಿದಳು. ಜುಲೈ ದಾಟುವುದು ಕಷ್ಟ ಎಂದರು ಡಾಕ್ಟರು.

"ಜೂನಲ್ಲಿ ಎಲೆ ಬಿಚ್ಚತ್ತೆ ಅಕ್ಕ. ಆ ನೀಲಿ ಒಂದ್ಸಲ ನೋಡ್ಬಿಟ್ರೆ ಸಾಕು, ಆಮೇಲೆ ಹೋದ್ರೂ ಚಿಂತೆಯಿಲ್ಲ."

"ಬಿಡ್ತು ಅನ್ನೇ!" ಎಂದು ಗದರಿದೆ.

ಜೂನ್ ಬಂತು. ಗಿಡವನ್ನು ಅಗೆದು ಕುಂಡಕ್ಕಿಟ್ಟೆ. ಎಲೆಗಳ ತುಂಬ ಕಾಟನ್‌ವುಡ್ ಮರದ ಹತ್ತಿ, ಧೂಳು. ಚರ್ಚಿನ ಊಟದ ತಟ್ಟೆಗಳನ್ನೂ ಎರಡೆರಡು ಸಲ ತೊಳೆಯುವವಳು ನಾನು. ಸಾಯುವ ತಂಗಿಯ ಮುಂದೆ ಈ ಕೊಳೆ ಇಡುವುದೇ? ಪಾತ್ರೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಒಂದೊಂದೇ ಎಲೆ ಒರೆಸಿದೆ. ಒರೆಸಿದ್ದೆಲ್ಲ ಹಸಿರಾಗುತ್ತ ಬಂತು. ಒದ್ದೆ ಆರಿದರೆ ಸರಿಹೋಗುತ್ತದೆ ಎಂದುಕೊಂಡೆ. ಆರಿತು, ಸರಿಹೋಗಲಿಲ್ಲ.

ಬೇಲಿಯಾಚೆ ಪಕ್ಕದ ಮನೆಯ ಆರ್ವಿಲ್ ತಲೆ ಚಚ್ಚಿಕೊಂಡ. "ನೀಲಿ ಅಂದ್ರೆ ಎಲೆ ಮೇಲಿನ ಮೇಣ ಕಣಮ್ಮ ಆರ್ಡಿಸ್! ಒರೆಸಿದ್ರೆ ಹೋಯ್ತು. ಇನ್ನು ಮುಂದಿನ ವರ್ಷದ ಚಿಗುರಲ್ಲೇ."

ಮುಂದಿನ ವರ್ಷ! ನನ್ನ ಕೈಗಿಷ್ಟು ಬೆಂಕಿ ಹಾಕ.

ಆದರೂ ಕುಂಡವನ್ನು ಅವಳ ಮಂಚದ ಪಕ್ಕಕ್ಕೆ ಒಯ್ದೆ. ಲವೋನ್ ಬಹಳ ಹೊತ್ತು ನೋಡಿದಳು.

"ಇದ್ಯಾರ ಗಿಡ?"

ಸುಳ್ಳು ಬಾಯಿಗೆ ಬಂದಿತ್ತು, ನುಂಗಿದೆ. "ನಿಂದೇ. ಧೂಳಿತ್ತು ಅಂತ ಒರೆಸ್ಬಿಟ್ಟೆ ಕಣೇ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡು. ಸೋಪನ್ನೂ ತೊಳೆದಿಡೋಳು ನೀನು." ಹಾಗೆಂದು ಗೋಡೆಯತ್ತ ತಿರುಗಿ ಮಲಗಿದಳು. ಅವಳ ಹೆಗಲು ಅಲುಗುತ್ತಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಏನೂ ತೋಚದೆ ಎಲೆಗಳನ್ನು ಸರಿಸುತ್ತ ಕೂತೆ. ಬುಡದಲ್ಲಿ, ದೊಡ್ಡ ಎಲೆಗಳ ಅಡಿಯಲ್ಲಿ, ಚಮಚದಷ್ಟು ಪುಟ್ಟ ಎಲೆಯೊಂದು ನನ್ನ ಕೈಯಿಂದ ತಪ್ಪಿಸಿಕೊಂಡಿತ್ತು. ಅಚ್ಚ ನೀಲಿ.

"ಲವೋನ್, ಏಳೇ, ಇಲ್ನೋಡು!"

ಅವಳು ತಿರುಗಿದಳು, ನೋಡಿದಳು, ಕೈ ಚಾಚಿದಳು.

"ಮುಟ್ಬೇಡ ಕಣೇ, ಹೋಗ್ಬಿಡತ್ತೆ!"

"ಹೋಗ್ಲಿ ಬಿಡಕ್ಕ, ನಂದೇ ಅಲ್ವಾ," ಎಂದು ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು.

ಒಂಬತ್ತನೇ ದಿನ ತೀರಿಕೊಂಡಳು.

ಗಿಡ ಈಗ ಮತ್ತೆ ಮೇಪಲ್ ಮರದಡಿ ಇದೆ. ಆ ಪುಟ್ಟ ಎಲೆಯ ನೀಲಿಯ ನಡುವೆ ಅವಳ ಹೆಬ್ಬೆರಳಿನಷ್ಟು ಹಸಿರು. ಅಕ್ಟೋಬರಿನ ಹಿಮಕ್ಕೆ ಎಲೆಯೇ ಬಾಡಿಹೋಗುತ್ತದೆ. ಅದರ ಮೇಲೆ ಧೂಳು ಕೂತಿದೆ; ನಾನು ಒರೆಸುವುದಿಲ್ಲ.