ಸಭೆಗೆ ಬರುವವರು ಕುರ್ಚಿ ತನ್ನಿ

ಬೀದಿಯಲ್ಲಿ ಯಾರ ಕಾಲರ್ ಸವೆದಿದೆ, ಯಾರ ಅಂಗಿಯ ಗುಂಡಿ ಸಡಿಲವಾಗಿದೆ ಎಂಬುದು ಇಸ್ತ್ರಿ ಅಕ್ಕನಿಗೆ ಬಾಯಿಪಾಠ. ನಲ್ಲಿಯ ಪಕ್ಕದ ಬಯಲಿನಲ್ಲಿ, ಮರದ ನೆರಳಿಗೆ ಅವಳ ತಳ್ಳುಗಾಡಿ ನಿಂತಿರುತ್ತದೆ. ನೀರಿಗೆ ಬರುವ ಹೆಂಗಸರು ಒಂದು ಕಂಕುಳಲ್ಲಿ ಕೊಡ, ಇನ್ನೊಂದರಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡೇ ಬರುತ್ತಾರೆ. ಹಾಗಾಗಿ ಅವಳು ಗಿರಾಕಿಗಳನ್ನು ಹುಡುಕಿಕೊಂಡು ಹೋದದ್ದೇ ಇಲ್ಲ.

ಈಗ ಆ ಬಯಲೇ ಕೈಬಿಟ್ಟು ಹೋಗುವುದರಲ್ಲಿತ್ತು. ಬೀದಿಯ ಕೊನೆಯ ಗೋದಾಮಿನ ಸಾಹುಕಾರರು, ತಮ್ಮ ಲಾರಿಗಳನ್ನು ನಿಲ್ಲಿಸಲು ಆ ಜಾಗ ಬೇಕೆಂದು ಪುರಸಭೆಯನ್ನು ಕೇಳಿದ್ದರು. ವಾರ್ಡ್ ಸಭೆಯಲ್ಲಿ ಜನ ಏನು ಹೇಳುತ್ತಾರೋ ನೋಡಿ ತೀರ್ಮಾನಿಸುತ್ತೇವೆ ಎಂದು ಪುರಸಭೆ ತಿಳಿಸಿತ್ತು. ಸಭೆ ಬರುವ ಭಾನುವಾರ. ಜಾಗ ಎಂದಿನಂತೆ ಸಾಹುಕಾರರ ಮನೆಯ ಹಜಾರ.

ಇದರಲ್ಲಿ ಯಾರ ಕುತಂತ್ರವೂ ಇರಲಿಲ್ಲ. ಬಹಳ ಹಿಂದೆ ಒಮ್ಮೆ ಸಭೆಗೆ ಜಾಗ ಸಿಗದಿದ್ದಾಗ ಸಾಹುಕಾರರು ತಾವಾಗಿಯೇ ಬಾಗಿಲು ತೆರೆದಿದ್ದರು. ಅಲ್ಲಿ ಫ್ಯಾನು ಇತ್ತು, ಮೆತ್ತನೆಯ ಕುರ್ಚಿಗಳಿದ್ದವು, ಬಸಿಯ ಮೇಲೆ ಕಪ್ಪಿಟ್ಟು ಟೀ ಕೊಡುತ್ತಿದ್ದರು. ಅನುಕೂಲವಾಯಿತೆಂದು ಎರಡನೆಯ ಸಲವೂ ಅಲ್ಲೇ ಸೇರಿದರು. ಆಮೇಲೆ ಅದೇ ರೂಢಿಯಾಯಿತು.

ಕಳೆದ ಸಭೆಗೆ ಇಸ್ತ್ರಿ ಅಕ್ಕ ಹೋಗಿದ್ದಳು. ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿಲ್ಲ, ಗೋದಾಮಿನವರು ಅದೇ ಕೊಳವೆಗೆ ದೊಡ್ಡ ಪಂಪು ಹಾಕಿದ್ದಾರೆ ಎಂದು ಹೇಳುವುದಕ್ಕೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದಳು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಸಾಹುಕಾರರ ಹೆಂಡತಿ ಖುದ್ದಾಗಿ ಬಂದು, “ತಗೋಮ್ಮಾ, ಬಿಸಿ ಇದೆ” ಎಂದು ಕಪ್ಪು ಕೊಟ್ಟರು. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಬಸಿ. ಮಾತಾಡಬೇಕೆಂದು ಎತ್ತುವುದಕ್ಕೆ ಮೂರನೆಯ ಕೈ ಇರಲಿಲ್ಲ. ಟೀ ಚೆನ್ನಾಗಿತ್ತು. ಕುಡಿದು ಮನೆಗೆ ಬಂದಳು.

ಈ ಕಥೆಯನ್ನು ಕೇಳಿ ಅವಳ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾದಿನಿ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ, ಚೀಲ ಹೆಗಲಿನಲ್ಲಿರುವಾಗಲೇ ಅಣ್ಣನ ಮನೆಗೆ ಬಂದು ಕೂತಿದ್ದಳು. ಅಣ್ಣನಿಗೆ ಮಾತ್ರ ನಗು ಬರಲಿಲ್ಲ. ಅವನು ಅದೇ ಗೋದಾಮಿನಲ್ಲಿ ಮೂಟೆ ಇಳಿಸುವವನು. ಸಾಹುಕಾರರು ಒಳ್ಳೆಯವರು, ತನಗೆ ಮೈ ಹುಷಾರಿಲ್ಲದಾಗ ಮನೆಗೆ ಬಂದು ನೋಡಿದವರು, ಅವರ ಎದುರು ನಿಂತು ಮಾತಾಡುವುದು ತಮ್ಮಂಥವರಿಗೆ ಒಪ್ಪುವುದಿಲ್ಲ ಎಂಬುದು ಅವನ ವಾದ.

“ಒಳ್ಳೆಯವ್ರಲ್ಲ ಅಂತ ನಾನೆಲ್ಲಿ ಅಂದೆ?” ಎಂದಳು ತಂಗಿ. “ಆದ್ರೆ ಅವ್ರ ಮನೇಲಿ ಕೂತು, ಅವ್ರ ಟೀ ಕುಡ್ಕೊಂಡು, ಅವ್ರಿಗೇ ಬೇಡ ಅನ್ನೋಕೆ ಯಾರಿಗೆ ನಾಲಿಗೆ ಹೊರಳುತ್ತೆ? ನನಗೂ ಹೊರಳಲ್ಲ. ನನ್ನ ಬಸ್ಸಲ್ಲಿ ನೋಡು. ಆ ಸೀಟು ನಮ್ಮಪ್ಪಂದೂ ಅಲ್ಲ, ಡ್ರೈವರಪ್ಪಂದೂ ಅಲ್ಲ. ಅದಕ್ಕೇ ಜನ ನನ್ನ ಹತ್ರ ಅಷ್ಟು ಧೈರ್ಯವಾಗಿ ಜಗಳ ಆಡ್ತಾರೆ.”

“ಹಾಗಾದ್ರೆ ಸಭೆ ನಮ್ಮನೇಲಿ ಮಾಡ್ತೀಯೇನು? ಇರೋದು ಎರಡು ಕುರ್ಚಿ. ಒಂದರ ಕಾಲು ಮುರಿದಿದೆ” ಎಂದ ಅಣ್ಣ.

“ಬಯಲಲ್ಲೇ ಮಾಡೋಣ. ಕೂರೋದಕ್ಕೆ ಅವರವರ ಮನೆಯಿಂದ ಅವರವರೇ ತರ್ಲಿ.”

ಅಣ್ಣ ತಲೆ ಕೊಡವಿದ. ಆದರೆ ಆ ಮಾತು ಇಸ್ತ್ರಿ ಅಕ್ಕನ ತಲೆಗೆ ಹೊಕ್ಕಿತು. ಮರುದಿನ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುತ್ತಾ ಅದನ್ನೇ ತಿರುವಿ ಹಾಕಿದಳು. ಸಾಹುಕಾರರ ಹಜಾರದಲ್ಲಿ ಬಯಲೆಂದರೆ ಕಾಗದದ ಮೇಲಿನ ಒಂದು ಚೌಕ, ಅದರಲ್ಲಿ ಖಾಲಿ ಜಾಗ ಎಂದು ಬರೆದಿರುತ್ತದೆ. ಇಲ್ಲಿ ನಿಂತು ನೋಡಿದರೆ ಖಾಲಿ ಎಲ್ಲಿದೆ? ನಲ್ಲಿ ಇದೆ, ಗಾಡಿ ಇದೆ, ಚಪ್ಪಲಿ ಹೊಲಿಯುವವನ ಪೆಟ್ಟಿಗೆ ಇದೆ, ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ ಇದೆ.

ನಾದಿನಿಯ ರಜೆಯ ದಿನ ಇಬ್ಬರೂ ಪುರಸಭೆಗೆ ಹೋದರು. ವಾರ್ಡಿನ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿಸಿದರು. ಸಭೆ ಸಾಹುಕಾರರ ಮನೆಯಲ್ಲೇ ನಡೆಯಬೇಕೆಂಬ ನಿಯಮ ಏನಾದರೂ ಇದೆಯೇ ಎಂದು ನಾದಿನಿ ಕೇಳಿದಳು. ಅಂಥದ್ದೇನೂ ಇಲ್ಲ, ಎಲ್ಲರೂ ಬರಬಹುದಾದ ಜಾಗವಾದರೆ ಸಾಕು, ಜಾಗ ಬದಲಾದರೆ ಮುಂಚಿತವಾಗಿ ಎಲ್ಲರಿಗೂ ತಿಳಿಸಬೇಕು ಅಷ್ಟೇ ಎಂದರು. ಮತ್ತೆ ಇಷ್ಟು ವರ್ಷ ಯಾಕೆ ಬದಲಾಗಲಿಲ್ಲ ಎಂದದ್ದಕ್ಕೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಯಾರೂ ಕೇಳ್ಲಿಲ್ಲಮ್ಮ” ಎಂದರು. ನಾದಿನಿ ಅಲ್ಲೇ ಕೇಳಿದಳು, ಅವರು ಸಭೆಯ ಜಾಗವನ್ನು ಬಯಲು ಎಂದು ತಿದ್ದಿ ಬರೆದುಕೊಂಡರು.

ಇಸ್ತ್ರಿ ಅಕ್ಕ ವಾಪಸು ಬರುವಾಗ ನಡೆಯುತ್ತಿದ್ದಳೋ ಓಡುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಇಷ್ಟು ಸಣ್ಣ ಚಿಲಕವೇ ಆ ಬಾಗಿಲಿಗೆ? ನಾದಿನಿ ಹಿಂದಿನಿಂದ, “ನಿಧಾನ ಅತ್ತಿಗೆ, ಮುಂದಿನ ಸ್ಟಾಪ್ ಎಲ್ಲಿಗೂ ಓಡಿ ಹೋಗಲ್ಲ” ಎಂದು ಕೂಗುತ್ತಿದ್ದಳು.

ಆದರೆ ಕಷ್ಟದ ಕೆಲಸ ಇನ್ನೂ ಬಾಕಿ ಇತ್ತು. ಸುದ್ದಿ ಬೇರೆಯವರ ಬಾಯಿಂದ ಸಾಹುಕಾರರಿಗೆ ಮುಟ್ಟಬಾರದು ಎಂದು ಅವಳಿಗೆ ಅನಿಸಿತು. ಇಸ್ತ್ರಿಯಾದ ಅಂಗಿಗಳನ್ನು ತೆಗೆದುಕೊಂಡು ತಾನೇ ಹೋದಳು. ವಿಷಯ ಕೇಳಿ ಸಾಹುಕಾರರ ಮುಖ ಸಣ್ಣದಾಯಿತು.

“ನಮ್ಮನೇಲಿ ಏನು ಕೊರತೆ ಆಯ್ತಮ್ಮಾ?”

“ಕೊರತೆ ಏನಿಲ್ಲ ಸ್ವಾಮಿ” ಎಂದಳು ಅವಳು, ಅಂಗಿಗಳ ಕಟ್ಟನ್ನು ಇನ್ನೂ ಕೈಯಲ್ಲೇ ಹಿಡಿದು. “ಉಪಚಾರ ಜಾಸ್ತಿ ಆಯ್ತು. ಮಾತು ಗಂಟಲಲ್ಲೇ ಉಳಿದುಬಿಡುತ್ತೆ. ನೀವೂ ಬರಬೇಕು. ನೀವಿಲ್ಲದೆ ಅದು ಸಭೆ ಆಗಲ್ಲ.”

ಅಂಗಿಗಳನ್ನು ಕೊಟ್ಟು ಹೊರಗೆ ಬಂದಳು. ಸುದ್ದಿ ಕೇಳಿ ಗಂಡನಿಗೆ ಆ ದಿನ ಊಟ ಸೇರಲಿಲ್ಲ. “ನಾಳೆ ಅವರ ಮುಖ ನೋಡ್ಬೇಕಾದವ್ನು ನಾನು ಕಣೇ” ಎಂದ. ಮರುದಿನ ಗೋದಾಮಿನಲ್ಲಿ ಸಾಹುಕಾರರು ಅವನಿಗೆ ಏನೂ ಅನ್ನಲಿಲ್ಲ. ಅದರಿಂದ ಅವನ ಹೆದರಿಕೆ ಇನ್ನಷ್ಟು ಹೆಚ್ಚಿತು. ಇತ್ತ ಅತ್ತಿಗೆ ನಾದಿನಿಯರು ಮನೆಮನೆಗೆ ಹೋಗಿ, ಈ ಸಲ ಸಭೆ ಬಯಲಿನಲ್ಲಿ, ಬರುವವರು ಕುರ್ಚಿ ತನ್ನಿ ಎಂದು ಹೇಳಿ ಬಂದರು.

ಭಾನುವಾರ ಬಂತು. ಮೊದಲಿಗೆ ಯಾರೂ ಕಾಣಲಿಲ್ಲ. ಇಸ್ತ್ರಿ ಅಕ್ಕ ಗಾಡಿಯನ್ನು ಬದಿಗೆ ಸರಿಸಿ ಕಾಲು ಮುರಿದ ಕುರ್ಚಿಗೆ ಇಟ್ಟಿಗೆ ಕೊಟ್ಟು ಕೂತಳು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಗಡಗಡ ಸದ್ದು ಕೇಳಿತು. ಕ್ಷೌರದಂಗಡಿಯ ಕತ್ತರಿ ಮಾಮ ತನ್ನ ತಿರುಗುವ ಕುರ್ಚಿಯನ್ನೇ ಕಿತ್ತು, ಕೈಗಾಡಿಯ ಮೇಲೆ ಹೇರಿಕೊಂಡು ಬರುತ್ತಿದ್ದ. ಅದರ ಹಿಂದೆ ಟೈಲರಮ್ಮ ಹೊಲಿಗೆ ಮಷೀನಿನ ಸ್ಟೂಲನ್ನು ತಲೆಯ ಮೇಲೆ ಹೊತ್ತಿದ್ದಳು, ಅವಳ ಮನೆಯವರು ಉದ್ದ ಬೆಂಚು ಹಿಡಿದು ಬರುತ್ತಿದ್ದರು. ಒಬ್ಬರು ಒರಳಿನಷ್ಟು ಭಾರದ ಮಣೆ ತಂದರು, ಒಬ್ಬರು ಮಗುವಿನ ಪುಟ್ಟ ಕುರ್ಚಿ ತಂದು ಅದರಲ್ಲಿ ಅರ್ಧ ಮಾತ್ರ ಕೂತರು. ಡಬ್ಬ, ಚಾಪೆ, ಏಣಿ. ಬೀದಿಗೆ ಬೀದಿಯೇ ಮನೆ ಖಾಲಿ ಮಾಡಿ ಹೊರಟಂತಿತ್ತು. ಹಿಂದೆಂದೂ ಸಭೆಯ ಮುಖ ನೋಡದವರೂ, ಪಕ್ಕದ ಮನೆಯವರು ಕುರ್ಚಿ ಹೊತ್ತು ಎಲ್ಲಿಗೆ ಹೊರಟರೆಂಬ ಕುತೂಹಲಕ್ಕೆ ಬಂದು ಕೂತರು. ನಾದಿನಿ ಅಭ್ಯಾಸಬಲದಿಂದ, “ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಇದೆ” ಎಂದು ಕೂರಿಸುತ್ತಿದ್ದಳು. ವಾರ್ಡಿನ ಅಧಿಕಾರಿಗೂ ಒಂದು ಡಬ್ಬದ ಮೇಲೆ ಜಾಗ ಸಿಕ್ಕಿತು.

ಕೊನೆಗೆ ಸಾಹುಕಾರರು ಬಂದರು, ಬರಿಗೈಯಲ್ಲಿ. ಮನೆ ತುಂಬ ಕುರ್ಚಿ ಇರುವವರಿಗೆ ಒಂದನ್ನು ಹೊತ್ತು ತರಬೇಕೆಂದು ತೋಚಿರಲೇ ಇಲ್ಲ. ಒಂದು ಗಳಿಗೆ ಎಲ್ಲರೂ ಕೂತಿದ್ದರು, ಅವರೊಬ್ಬರೇ ನಿಂತಿದ್ದರು. ಕೂತಿದ್ದವರಲ್ಲಿ ಅರ್ಧ ಜನ ಗಡಬಡಿಸಿ ಏಳಲು ಹೊರಟರು.

“ಯಾರೂ ಏಳಬೇಡಿ” ಎಂದಳು ಇಸ್ತ್ರಿ ಅಕ್ಕ. ನಂತರ ಟೈಲರಮ್ಮನ ಮನೆಯ ಉದ್ದ ಬೆಂಚಿನತ್ತ ಕೈ ತೋರಿದಳು. “ಇಲ್ಲಿ ಸರಿದ್ರೆ ಇನ್ನೊಬ್ರಿಗೆ ಜಾಗ ಆಗುತ್ತೆ. ಬನ್ನಿ ಸ್ವಾಮಿ.”

ಸಾಹುಕಾರರು ಬೆಂಚಿನ ತುದಿಗೆ ಕೂತರು. ಅವರ ಪಕ್ಕಕ್ಕೆ ಬಂದದ್ದು ಅವರದೇ ಗೋದಾಮಿನ ಮೂಟೆಯವನು, ಇಸ್ತ್ರಿ ಅಕ್ಕನ ಗಂಡ.

ಸಾಹುಕಾರರು ತಮ್ಮ ಮಾತು ಹೇಳಿದರು. ಲಾರಿಗಳು ರಸ್ತೆಯಲ್ಲಿ ನಿಂತರೆ ಎಲ್ಲರಿಗೂ ತೊಂದರೆ ಎಂದದ್ದು ನಿಜವಾದ ಮಾತೇ. ನಂತರ ಇಸ್ತ್ರಿ ಅಕ್ಕ ಎದ್ದಳು. ಈ ಸಲ ಎರಡೂ ಕೈ ಖಾಲಿ ಇದ್ದವು. ನಲ್ಲಿಯ ವಿಷಯ, ಪಂಪಿನ ವಿಷಯ, ಗಾಡಿಯ ವಿಷಯ ಎಲ್ಲವನ್ನೂ ಹೇಳಿದಳು. ಅಧಿಕಾರಿ ತಾವೇ ಎದ್ದು ಹೋಗಿ ನಲ್ಲಿ ತಿರುಗಿಸಿ ನೋಡಿದರು. ಅದು ಕೆಮ್ಮಿ ಸುಮ್ಮನಾಯಿತು.

ಆಗ ಕತ್ತರಿ ಮಾಮ ತನ್ನ ಕುರ್ಚಿಯನ್ನು ಸಾಹುಕಾರರ ಕಡೆಗೆ ತಿರುಗಿಸಿ, ಗೋದಾಮಿಗೆ ಹಿಂದಿನಿಂದ ಒಂದು ಗೇಟಿದೆಯಲ್ಲ, ಲಾರಿ ಅಲ್ಲಿಂದ ಒಳಗೆ ಹೋಗಬಾರದೇ ಎಂದು ಕೇಳಿದ. ತಮ್ಮ ಹಜಾರದಲ್ಲಿ ಸಾಹುಕಾರರನ್ನು ಯಾರೂ ಏನೂ ಕೇಳಿದ್ದೇ ಇಲ್ಲ. ಇಲ್ಲಿ ಎಲ್ಲರೂ ಉತ್ತರಕ್ಕೆ ಕಾದರು.

“ಅಲ್ಲಿ ಹಳೇ ಮರದ ಪೆಟ್ಟಿಗೆ ತುಂಬಿದೀವಿ” ಎಂದರು ಅವರು. ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು.

ಪಕ್ಕದಲ್ಲಿದ್ದವನು ಮೆಲ್ಲಗೆ ಕೈ ಎತ್ತಿದ.

“ಆ ಪೆಟ್ಟಿಗೆ ನಾವೇ ಜೋಡ್ಸಿದ್ದು ಸ್ವಾಮಿ” ಎಂದ ಅವಳ ಗಂಡ. “ನೀವು ಹೂಂ ಅಂದ್ರೆ ನಾವೇ ತೆಗೀತೀವಿ.”

ಬಯಲನ್ನು ಕೊಡಬೇಕೇ ಬೇಡವೇ ಎಂದು ಅಧಿಕಾರಿ ಕೇಳಿದಾಗ, ಬೇಡ ಎಂದು ಎದ್ದ ಕೈಗಳು ಮರದ ಕೊಂಬೆಗಳಂತೆ ಹರಡಿಕೊಂಡವು. ಸಾಹುಕಾರರ ಕೈ ಏಳಲಿಲ್ಲ. ಅದೂ ಅವರ ಹಕ್ಕೇ. ಪಂಪನ್ನು ಪರಿಶೀಲಿಸುತ್ತೇವೆಂದು ಅಧಿಕಾರಿ ಎಲ್ಲರ ಎದುರು ಹೇಳಿದರು. ಮುಂದಿನ ಸಭೆಯಲ್ಲಿ ಅದನ್ನು ಮೊದಲು ಕೇಳಬೇಕೆಂದು ನಾದಿನಿ ಅಲ್ಲೇ ನೆನಪಿಸಿದಳು.

ನಾದಿನಿ ಮನೆಯಿಂದ ಫ್ಲಾಸ್ಕಿನಲ್ಲಿ ಟೀ ತಂದಿದ್ದಳು. ಮೊದಲ ಲೋಟವನ್ನು ಇಸ್ತ್ರಿ ಅಕ್ಕನ ಗಂಡ ಸಾಹುಕಾರರಿಗೆ ಕೊಟ್ಟ. ಅವರು ಲೋಟ ಹಿಡಿದು ಸ್ವಲ್ಪ ಯೋಚಿಸಿದರು. “ಇದನ್ನ ಕುಡಿದ್ರೆ ನಾನು ಮಾತಾಡೋ ಹಾಗಿಲ್ಲ ಅಂತೀರೇನೋ.”

“ಕುಡಿದ ಮೇಲೂ ಮಾತಾಡಿ ಸ್ವಾಮಿ” ಎಂದಳು ಇಸ್ತ್ರಿ ಅಕ್ಕ. “ಇದು ಬಯಲು.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಸಭೆ ಎಲ್ಲಿ ಸೇರುತ್ತದೆ? ಯಾರ ಚಾವಡಿಯಲ್ಲಿ, ಯಾರ ಕುರ್ಚಿಯ ಮೇಲೆ, ಯಾರ ಟೀ ಕುಡಿದು? ನಿಯಮಗಳು ಊರಿಂದೂರಿಗೆ ಬೇರೆ ಇರಬಹುದು. ಆದ್ದರಿಂದ ನಿಮ್ಮ ಪುರಸಭೆ ಅಥವಾ ಪಂಚಾಯಿತಿ ಕಚೇರಿಗೆ ಹೋಗಿ ಕೇಳಿ. ಸಿರಿವಂತರಿಗೂ ಬಡವರಿಗೂ ಸಭೆಯಲ್ಲಿ ಒಂದೊಂದೇ ಕೈ ಲೆಕ್ಕ. ಆ ಕೈ ಎತ್ತಲು ಅಂಜಿಕೆಯಾಗದ ಜಾಗದಲ್ಲಿ ಸಭೆ ನಡೆಯಲಿ ಎಂದು ಕೇಳಿ. ದಿನ ಗೊತ್ತಾದ ಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ, ಕೂರಲು ಏನಾದರೊಂದು ಎತ್ತಿಕೊಂಡು ಹೊರಡಿ. ಕಾಲು ಮುರಿದದ್ದಾದರೂ ಅಡ್ಡಿಯಿಲ್ಲ, ಇಟ್ಟಿಗೆ ಕೊಟ್ಟರೆ ನಿಲ್ಲುತ್ತದೆ.