ಗಾಜಿನ ಹಿಂಬದಿ

ಸೇಂಟ್ ಲೂಯಿಯ ಮ್ಯೂಸಿಯಂನಲ್ಲಿ ಬಿರಾಮ್ ಲೋ ಅವರ ಗಾಜಿನ ಚಿತ್ರಗಳ ಪ್ರದರ್ಶನ ಅಂದಾಗ, ಅದರ ಧೂಳು ಒರೆಸುವ ಕೆಲಸವನ್ನು ಪೆಂಡಾ ಸೆಕ್ ತಾನಾಗಿಯೇ ಕೇಳಿ ಪಡೆದಳು. ಸತ್ತು ಇಪ್ಪತ್ತು ವರ್ಷವಾದ ಗುರುವಿನ ಚಿತ್ರಗಳನ್ನು ಬೇರೆಯವರ ಕೈ ಮುಟ್ಟುವುದು ಅವಳಿಗೆ ಇಷ್ಟವಿರಲಿಲ್ಲ. ನದಿ ದಂಡೆಯ ಓಣಿಯಲ್ಲಿ ಅವಳದೇ ಚಿತ್ರದ ಅಂಗಡಿಯಿತ್ತು. ಐವತ್ತೆರಡರ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದಳು.

ಹದಿನೆಂಟು ಚಿತ್ರಗಳನ್ನು ಮೇಜಿನ ಮೇಲೆ ಹರಡಿದ್ದರು. ಏಳನೆಯದನ್ನು ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. ಬಿಳಿ ಕುದುರೆ, ಮೇಲೊಬ್ಬ ಸವಾರ, ಹಿಂದೆ ಹಳದಿ ಆಕಾಶ. ಅದು ಅವಳೇ ಬರೆದ ಕುದುರೆ. ಹುಡುಕಿದರೆ ಅವಳ ಕೈಯವು ಇನ್ನೂ ಮೂರು ಸಿಕ್ಕವು.

ಅವನ್ನು ಬರೆದದ್ದು ಗುರುಗಳ ಕೈ ನಡುಗಲು ಶುರುವಾದ ವರ್ಷ. ಕುಂಚ ಹಿಡಿದರೆ ಗೆರೆ ಹಾವಿನಂತೆ ಓಡುತ್ತಿತ್ತು. ಗಾಜಿನ ಹಿಂಬದಿಗೆ ಬರೆದು ಮುಂಬದಿಯಿಂದ ನೋಡುವ ಚಿತ್ರ, ಎಲ್ಲವನ್ನೂ ತಿರುಗುಮುರುಗಾಗಿ ಬರೆಯಬೇಕು. ಮೊದಲು ಗೆರೆ, ಆಮೇಲೆ ಬಣ್ಣ, ಒಮ್ಮೆ ತಪ್ಪಿದರೆ ತಿದ್ದಲು ಬರುವುದಿಲ್ಲ. ಗುರುಗಳು ಪಕ್ಕದಲ್ಲಿ ಕೂತು, "ಕತ್ತು ಇನ್ನೂ ಸ್ವಲ್ಪ ಮೇಲೆತ್ತೇ, ಅದು ಕುದುರೆ, ಕತ್ತೆ ಅಲ್ಲ" ಅನ್ನುತ್ತಿದ್ದರು. ಅವಳು ಬರೆಯುತ್ತಿದ್ದಳು. ಕೊನೆಗೆ ಮೂಲೆಯಲ್ಲಿ ಗುರುಗಳ ಹೆಸರನ್ನು ಹಿಂದುಮುಂದಾಗಿ ಬರೆದು ಮುಗಿಸುತ್ತಿದ್ದಳು.

"ಪೆಂಡಕ್ಕಾ, ಈ ನಾಲ್ಕರ ಹಿಂಬದಿ ಬೇರೆ ಥರ ಇದೆಯಲ್ಲ?" ಪ್ರದರ್ಶನದ ಹೊಣೆ ಹೊತ್ತಿದ್ದ ರೊಖಾಯಾ ಗೇಯ್ ಕೇಳಿದಳು. ವಯಸ್ಸು ಮೂವತ್ತಾಗಿಲ್ಲ, ಕಣ್ಣು ಮಾತ್ರ ಹದ್ದಿನದು. "ಉಳಿದವುಗಳಲ್ಲಿ ಮುಖಕ್ಕೆ ಬಣ್ಣ ಕೊನೇಲಿ ತುಂಬಿದಾರೆ. ಇವುಗಳಲ್ಲಿ ಮೊದಲೇ ತುಂಬಿದೆ."

"ದೊಡ್ಡವರು, ದಿನಕ್ಕೊಂದು ಥರ ಮಾಡ್ತಿದ್ರು."

"ನೀವು ಸೆಕ್ ಮನೆಯವ್ರು ಸುಳ್ಳು ಹೇಳಿದ್ರೆ ಕಿವಿ ಕೆಂಪಾಗುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ರು."

"ನಿಮ್ಮ ಗೇಯ್ ಮನೆಯವ್ರಿಗೆ ಅನ್ನ ಬಡಿಸೋವರೆಗೂ ಹೀಗೇ ಬಾಯಿ. ಹೋಗೇ, ಕೆಲಸ ನೋಡು" ಎಂದು ಪೆಂಡಾ ನಕ್ಕು ತಪ್ಪಿಸಿಕೊಂಡಳು. ಎರಡು ಮನೆತನದವರು ಎದುರಾದರೆ ಹೀಗೆ ಕಾಲೆಳೆಯುವುದು ಅಜ್ಜಂದಿರ ಕಾಲದಿಂದ ಬಂದದ್ದು.

ಹೇಳಬೇಕು ಅನ್ನಿಸಲಿಲ್ಲವೆಂದಲ್ಲ. ಆದರೆ ಹೆಣ್ಣುಮಗಳ ಕೈಗೆ ಗಾಜು ಕೊಟ್ಟರೆ ಒಡೆದು ಕೂರುತ್ತಾಳೆ ಎಂದು ಊರಿನ ಚಿತ್ರಗಾರರೆಲ್ಲ ಬಾಗಿಲಿಂದಲೇ ವಾಪಸ್ ಕಳಿಸಿದ್ದಾಗ, "ಒಡೆಯಲಿ ಬಿಡು, ಗಾಜು ಇನ್ನೊಂದು ಸಿಗುತ್ತೆ" ಎಂದು ಒಳಗೆ ಕರೆದವರು ಬಿರಾಮ್ ಲೋ ಒಬ್ಬರೇ. ಅವರ ಗೋಡೆಯಿಂದ ನಾಲ್ಕು ಚಿತ್ರ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

ಪ್ರದರ್ಶನ ಶುರುವಾಗುವ ಶನಿವಾರ, ಸಂಜೆ ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಬಂದವರ ಗಂಜಿ ಹಾಕಿದ ಉಡುಪು ಸರಬರ ಸದ್ದು ಮಾಡುತ್ತಿತ್ತು. ಮೂಲೆಯಲ್ಲಿ ವಂಶಾವಳಿ ಹಾಡುವ ಮನೆತನದ ದೆಂಬಾ ಸಾಂಬ್ ತನ್ನ ಐದು ತಂತಿಯ ಹಾಲಮ್ ವಾದ್ಯವನ್ನು ಶ್ರುತಿ ಮಾಡುತ್ತ ಕೂತಿದ್ದ. ಗುರುಗಳ ಹೆಂಡತಿ ದಿಯಾರಾ ಅಜ್ಜಿಯನ್ನು ಹಿರಿಮಗ ಕೈಹಿಡಿದು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ.

ರೊಖಾಯಾ ಒಂದೊಂದೇ ಚಿತ್ರ ತೋರಿಸುತ್ತ ಬಿಳಿ ಕುದುರೆಯ ಮುಂದೆ ನಿಂತಳು. "ಇದು ಗುರುಗಳ ಕೊನೇ ವರ್ಷಗಳ ಅತ್ಯುತ್ತಮ ಕೆಲಸ..."

"ನಿಲ್ಸಮ್ಮ," ಎಂದಳು ಅಜ್ಜಿ.

ಸಭೆ ತಿರುಗಿ ನೋಡಿತು.

"ಆ ಕುದುರೆ ಬರೆದ ವರ್ಷ ನನ್ನ ಗಂಡನಿಗೆ ಚಹಾ ಲೋಟ ಹಿಡಿಯೋಕಾಗ್ತಿರಲಿಲ್ಲ. ನಾನೇ ಕುಡಿಸ್ತಿದ್ದೆ. ಕುದುರೆ ಎಲ್ಲಿಂದ ಬರೀತಾನೆ? ಬರೆದೋಳು ಅಗೋ, ಕಂಬದ ಹಿಂದೆ ಅಡಗಿ ನಿಂತಿದಾಳೆ."

"ಅಮ್ಮಾ, ಜನ ಇದಾರೆ," ಮಗ ಪಿಸುಗುಟ್ಟಿದ.

"ಜನ ಇದಾರೆ ಅಂತಾನೇ ಹೇಳ್ತಿರೋದು." ಅಜ್ಜಿ ಸಭೆಯ ಕಡೆ ತಿರುಗಿದಳು. "ಅವನು ಸಾಯೋ ಮುಂಚೆ, 'ಪೆಂಡಾ ಹೆಸರು ಹೇಳ್ಬಿಡು' ಅಂದಿದ್ದ. ನಾನೇ ಹೆದರಿ ಬಾಯಿ ಮುಚ್ಕೊಂಡೆ, ಕೊಂಡವರು ಚಿತ್ರ ವಾಪಸ್ ತಂದಾರು ಅಂತ. ಆಮೇಲೆ ನಾಚಿಕೆ. ಇಪ್ಪತ್ತು ವರ್ಷ ಆಯ್ತು. ಈ ಹುಡುಗಿ ಒಂದು ದಿನಾನೂ ಬಂದು ಕೇಳಲಿಲ್ಲ. ಹಬ್ಬಕ್ಕೆ ಮಾತ್ರ ತಪ್ಪದೆ ಬಂದ್ಲು."

ಪೆಂಡಾ ಕಂಬದ ಮರೆಯಿಂದ ಬಂದಳು. "ಅಜ್ಜೀ, ಕೈ ನಂದು ಹೌದು. ಕಣ್ಣು ಅವರದೇ. ಕತ್ತು ಎತ್ತು ಅಂತ ಅವರು ಬೈದಿದ್ದಕ್ಕೇ ಅದು ಕುದುರೆ ಆಯ್ತು."

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ರೊಖಾಯಾ ಬಿಳಿ ಕುದುರೆಯನ್ನೂ ಗುರುಗಳ ಕೈಯದೇ ಇನ್ನೊಂದು ಚಿತ್ರವನ್ನೂ ಗೋಡೆಯಿಂದ ಇಳಿಸಿ, ತಿರುಗಿಸಿ, ಬಣ್ಣ ತುಂಬಿದ ಬಗೆ ಬೇರೆಬೇರೆ ಇರುವುದನ್ನು ತೋರಿಸಿದಳು. ಜನ ಕತ್ತು ಚಾಚಿ ನೋಡಿದರು. ಹಿರಿಮಗನೂ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿ, ಪೆಂಡಾಳ ಕಡೆ ತಿರುಗಿ, "ನಮ್ಮನೆ ಒಲೆ ಉರಿದದ್ದು ನಿನ್ನಿಂದ ಅಂತ ಗೊತ್ತಿರಲಿಲ್ಲ ಅಕ್ಕ," ಎಂದ.

ರೊಖಾಯಾ ಚಿತ್ರದ ಕೆಳಗೆ ಅಂಟಿಸಲು ಹೊಸ ಚೀಟಿ ತೆಗೆದಳು. "ಸೆಕ್ ಅಂತ ಬರೆಯೋಕೆ ನನ್ನ ಗೇಯ್ ಕೈ ಒಪ್ತಾ ಇಲ್ಲ ನೋಡಿ," ಎನ್ನುತ್ತಲೇ ದಪ್ಪಕ್ಷರದಲ್ಲಿ ಬರೆದಳು: ಪೆಂಡಾ ಸೆಕ್, ಬಿರಾಮ್ ಲೋ ಅವರ ಶಿಷ್ಯೆ.

ಅಷ್ಟರಲ್ಲಿ ದೆಂಬಾ ಎದ್ದು ಬಂದಿದ್ದ. ಲೋ ವಂಶದ ಏಳು ತಲೆಮಾರಿನ ಹೆಸರು ಬಾಯಿಪಾಠ ಮಾಡಿಕೊಂಡು ಬಂದವನು ಅವನು. "ನಿಮ್ಮ ತಾಯಿ ಹೆಸರೇನು?" ಎಂದು ಕೇಳಿದ.

"ಕೊದೂ. ಹೊಳೆಬಾಯಲ್ಲಿ ಮೀನು ಒಣಗಿಸ್ತಿದ್ಲು."

"ಅವಳ ತಾಯಿ?"

"ಮಾತಿ. ಅವಳೂ ಮೀನೇ."

ಹಾಲಮ್ ಮಿಡಿಯಿತು. ದೊರೆಗಳ ಹೆಸರು ಹಾಡುವ ಅದೇ ಹಳೆಯ ಧಾಟಿಯಲ್ಲಿ ದೆಂಬಾ ಹಾಡಿದ: ಮಾತಿಯ ಮಗಳು ಕೊದೂ, ಕೊದೂವಿನ ಮಗಳು ಪೆಂಡಾ, ನಡುಗುವ ಕೈಗೆ ಕೈಯಾದವಳು, ತನ್ನ ಹೆಸರು ಬಿಟ್ಟು ಗುರುವಿನ ಹೆಸರು ಬರೆದವಳು. ಜೀವಮಾನವೆಲ್ಲ ಮೀನಿನ ವಾಸನೆ ಹೊತ್ತು, ಈ ಕಟ್ಟಡದ ಮುಂದಿನಿಂದ ಬುಟ್ಟಿ ಹೊತ್ತು ಹಾದುಹೋಗುತ್ತಿದ್ದ ಅವ್ವನ ಹೆಸರು ಆ ಎತ್ತರದ ಛಾವಣಿಗೆ ತಾಗಿ ಮರಳಿ ಬಂತು.

ಪೆಂಡಾ ಹೆಗಲ ಮೇಲಿನ ಜರಿ ಶಾಲು ತೆಗೆದು ದೆಂಬಾನಿಗೆ ಹೊದಿಸಿದಳು. ಹಬ್ಬಕ್ಕೆಂದು ಕೊಂಡ ಹೊಸ ಶಾಲು. ಆಮೇಲೆ ದಿಯಾರಾ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ, ಮುಂದಿನ ಸಾಲಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಳು.